ಬೂತಾಯಿಯ ಬಸಿರು



ಇವತ್ತು ನಾನು ಮಾತಾಡಹೊರಟಿರುವುದು ಬೂತಾಯಿ ಮೀನಿನ ಮೊಟ್ಟೆಯ ಬಗ್ಗೆ. ತುಳುವಿನಲ್ಲಿ ಬೂತಾಯಿ, ಮಲಯಾಳದಲ್ಲಿ ಮತ್ತಿ, ಇನ್ನೂ ತೆಂಕಲಿಗೆ ಹೋದರೆ ಚಾಳ, ಉತ್ತರ ಕನ್ನಡದ ಕಡೆ ಬೈಗೆ, ಕೊಂಕಣಿಯವರ ಬಾಯಲ್ಲಿ ತಾರ್ಲೆ. ಹೆಸರು ಐದಾದರೂ ಮೀನು ಒಂದೇ. ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಒಂದೇ ಬುಟ್ಟಿಯ ಮೀನನ್ನು ಒಬ್ಬರು ಬೂತಾಯಿ ಎಂದು ಕೇಳಿ ಕೊಂಡರೆ ಇನ್ನೊಬ್ಬರು ಮತ್ತಿ ಎಂದು ಕೇಳಿ ಕೊಳ್ಳುತ್ತಾರೆ. ಮಾರುವ ಹೆಂಗಸಿಗೆ ಎರಡೂ ತಿಳಿಯುತ್ತದೆ. ವಿಜ್ಞಾನಿಗಳು ಇದನ್ನು ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎನ್ನುತ್ತಾರೆ. ಉದ್ದ ತಲೆಯದು ಎಂದು ಅರ್ಥ. 1847ರಲ್ಲಿ ಫ್ರಾನ್ಸಿನ ಪಂಡಿತರೊಬ್ಬರು ಇಟ್ಟ ಹೆಸರು ಅದು.

ಮೀನು ತಿನ್ನದ ಮನೆಯವರು ರೇಡಿಯೋ ಆರಿಸಬೇಕೆಂದಿಲ್ಲ. ಹಿಂದೆ ಬೂತಾಯಿ ರಾಶಿ ಬಿದ್ದ ವರ್ಷಗಳಲ್ಲಿ ಅದನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಆ ಮರಗಳ ಕಾಯಿಯನ್ನು ಎಲ್ಲರೂ ತಿಂದಿದ್ದೇವೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಮೀನಿನ ಶಾಸ್ತ್ರ ಓದಿದವನಲ್ಲ. ಆದರೆ ಕಡಲಬದಿಯ ಊರಿನ ಬ್ಯಾಂಕಿನಲ್ಲಿ ಕುಳಿತವನಿಗೆ ಬೂತಾಯಿಯ ವಿಷಯ ಬೇಡವೆಂದರೂ ತಿಳಿಯುತ್ತದೆ. ಬೂತಾಯಿ ಬಂದ ವರ್ಷ ದೋಣಿಯ ಸಾಲದ ಕಂತು ತಾನಾಗಿ ಬರುತ್ತದೆ, ಅಡವಿಟ್ಟ ಬಳೆ ಬಿಡಿಸಿಕೊಂಡು ಹೋಗುತ್ತಾರೆ. ಬಾರದ ವರ್ಷ ಅದೇ ಬಳೆ ತಿರುಗಿ ಬರುತ್ತದೆ. ಹೀಗಾಗಿ ಈ ಮೀನು ಒಂದು ವರ್ಷ ಬರುವುದೇಕೆ, ಒಂದು ವರ್ಷ ಬಾರದಿರುವುದೇಕೆ ಎಂದು ತಿಳಿಯುವ ಕುತೂಹಲ ನನಗೆ ಮೊದಲಿನಿಂದಲೂ ಇತ್ತು. ನಿವೃತ್ತನಾದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಎರಡು ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಕೊಚ್ಚಿಯಲ್ಲಿರುವ ಕೇಂದ್ರ ಸರಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಪ್ರತಿ ವರ್ಷ ಹಿಡಿದ ಮೀನಿನ ಲೆಕ್ಕ ತೆಗೆಯುತ್ತದೆ. ಅದರ ಪ್ರಕಾರ 2012ರಲ್ಲಿ ಕೇರಳದ ಕರಾವಳಿಯಲ್ಲಿ ದಡಕ್ಕೆ ಬಂದ ಮತ್ತಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಬಂದದ್ದು 3,297 ಟನ್. ನೂರು ಮೀನು ಇದ್ದಲ್ಲಿ ಒಂದು ಮೀನೂ ಉಳಿಯಲಿಲ್ಲ ಎಂದ ಹಾಗಾಯಿತು. ಮರುವರ್ಷ, 2022ರಲ್ಲಿ, ಅದು ಮತ್ತೆ ಒಂದು ಲಕ್ಷ ಟನ್ನು ದಾಟಿತು. ಇಷ್ಟು ಇಳಿದದ್ದು ಹೇಗೆ, ಇಳಿದದ್ದು ವರ್ಷದೊಳಗೆ ಏರಿದ್ದು ಹೇಗೆ? ಬಲೆ, ದೋಣಿ, ಇಂಜಿನು ಎಂದು ನಾವು ಮಾತಾಡುತ್ತೇವೆ. ಆದರೆ ಅರ್ಧ ಉತ್ತರ ಇರುವುದು ಗೇಣುದ್ದವೂ ಇಲ್ಲದ ಒಂದು ಮೀನಿನ ಹೊಟ್ಟೆಯಲ್ಲಿ, ಮತ್ತು ಆ ಹೊಟ್ಟೆಯಿಂದ ಹೊರಬಿದ್ದ ಮೊಟ್ಟೆಯ ಮೊದಲ ನಾಲ್ಕು ದಿನಗಳಲ್ಲಿ.

ಬೂತಾಯಿಯ ಆಯುಸ್ಸು ಎರಡೂವರೆ ಮೂರು ವರ್ಷ. ಸುಮಾರು ಒಂದು ವರ್ಷ ತುಂಬುವ ಹೊತ್ತಿಗೆ, ಮೂತಿಯಿಂದ ಬಾಲದ ತುದಿಯವರೆಗೆ ಹದಿನೈದು ಸೆಂಟಿಮೀಟರಿನಷ್ಟು ಉದ್ದವಾದಾಗ ಅದು ಮೊದಲ ಬಾರಿ ಮೊಟ್ಟೆಗೆ ಬರುತ್ತದೆ. ನಡುವಯಸ್ಸಿನ ಗಂಡಸಿನ ಅಂಗೈ ಬುಡದಿಂದ ನಡುಬೆರಳ ತುದಿಗಿಂತ ಕೊಂಚ ಕಡಿಮೆ ಎಂದಿಟ್ಟುಕೊಳ್ಳಿ. ಹೊರಗಿನಿಂದ ನೋಡಿದರೆ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಳಲಾಗದು. ಹೊಟ್ಟೆ ಸೀಳಿದಾಗಲೇ ತಿಳಿಯುವುದು. ಗಂಡಿನ ಹೊಟ್ಟೆಯಲ್ಲಿ ಚೂರಿಯ ಅಲಗಿನಂತೆ ಚಪ್ಪಟೆಯಾದ ಎರಡು ಬಿಳಿ ಪಟ್ಟಿ. ಹೆಣ್ಣಿನ ಹೊಟ್ಟೆಯಲ್ಲಿ ಹಳದಿ ಬಣ್ಣದ ಎರಡು ಉದ್ದ ಚೀಲ. ನಾವು ಮೀನಿನ ಮೊಟ್ಟೆ ಎಂದು ಹುರಿದು ತಿನ್ನುವುದು ಈ ಚೀಲವನ್ನೇ.

ಈ ಚೀಲವನ್ನು ತಿಂಗಳಿಗೊಮ್ಮೆ ನೋಡಿದರೆ ಒಂದು ಪಂಚಾಂಗವೇ ಕಾಣುತ್ತದೆ. ಚಳಿಗಾಲದ ಎಳೆಯ ಮೀನಿನಲ್ಲಿ ಅದು ನೂಲಿನಂತೆ ಸಪೂರ, ಬೆಳಕು ದಾಟಿ ಕಾಣುವಷ್ಟು ತೆಳು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗೆ ಸಾವಿರಾರು ಪುಟ್ಟ ಕಣಗಳು. ಒಂದೊಂದು ಕಣದ ನಡುವೆ ದೊಡ್ಡ ಬೀಜದಂಥದ್ದು, ಸುತ್ತ ಏನೂ ಇಲ್ಲ. ಏಪ್ರಿಲ್ ಮೇ ಬರುವಾಗ ಕಣಗಳು ಮಸುಕಾಗತೊಡಗುತ್ತವೆ, ಹಳದಿ ತುಂಬತೊಡಗುತ್ತದೆ. ಜೂನ್ ಜುಲೈಗೆ ಚೀಲ ಹೊಟ್ಟೆಯನ್ನೆಲ್ಲ ಆಕ್ರಮಿಸಿ ಕರುಳನ್ನು ಬದಿಗೆ ಒತ್ತಿರುತ್ತದೆ. ಮೊಟ್ಟೆ ಇಟ್ಟು ಮುಗಿಸಿದ ಮೀನಿನ ಚೀಲ ಗಾಳಿ ಹೋದ ಬಲೂನಿನಂತೆ ಜೋತುಬಿದ್ದು ನೆತ್ತರುಗೆಂಪಾಗಿ ಕಾಣುತ್ತದೆ.

ಇದರಲ್ಲಿ ನನಗೆ ಅತ್ಯಂತ ಸೋಜಿಗವೆನಿಸಿದ್ದು ಮೊಟ್ಟೆಯ ಹಳದಿಯ ವಿಷಯ. ಅದು ಮೊಟ್ಟೆಯ ಚೀಲದಲ್ಲೇ ತಯಾರಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಅದಕ್ಕೆ ಬೇಕಾದ ಸಾರ ತಯಾರಾಗುವುದು ಪಿತ್ತಜನಕಾಂಗದಲ್ಲಿ, ಅಂದರೆ ಲಿವರಿನಲ್ಲಿ. ಕಾಲ ಕೂಡಿಬಂದಾಗ ಮೀನಿನ ಮಿದುಳು ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಆ ಗ್ರಂಥಿ ರಕ್ತದ ಮೂಲಕ ಅಂಡಾಶಯಕ್ಕೆ ಹೇಳಿ ಕಳಿಸುತ್ತದೆ. ಅಂಡಾಶಯ ಇನ್ನೊಂದು ರಸವನ್ನು ಲಿವರಿಗೆ ಕಳಿಸುತ್ತದೆ. ಲಿವರು ಹಳದಿಯ ಸಾರವನ್ನು ಮಾಡಿ ರಕ್ತಕ್ಕೆ ಬಿಡುತ್ತದೆ. ರಕ್ತದಿಂದ ಮೊಟ್ಟೆ ಅದನ್ನು ಹೀರಿಕೊಳ್ಳುತ್ತದೆ. ನಮ್ಮ ಕಛೇರಿಗಳಲ್ಲಿ ಒಂದು ಕಾಗದ ನಾಲ್ಕು ಮೇಜು ದಾಟಿ ಹೋಗುವುದಿಲ್ಲವೇ, ಅದೇ ರೀತಿ. ವ್ಯತ್ಯಾಸವೆಂದರೆ ಇಲ್ಲಿ ಕಾಗದ ಎಲ್ಲೂ ಸುಮ್ಮನೆ ಕೂರುವುದಿಲ್ಲ.

ಆದರೆ ಲಿವರಿಗಾದರೂ ಸಾಮಾನು ಎಲ್ಲಿಂದ ಬರಬೇಕು? ಇಲ್ಲಿ ನೀವು ಅಡುಗೆಮನೆಯಲ್ಲಿ ಕಂಡ ಒಂದು ಸಂಗತಿ ನೆನಪಿಸಿಕೊಳ್ಳಿ. ಅಕ್ಟೋಬರ್ ನವೆಂಬರಿನ ಬೂತಾಯಿಯನ್ನು ಕಾವಲಿಗೆ ಹಾಕಿದರೆ ಅದರದೇ ಎಣ್ಣೆ ಒಸರುತ್ತದೆ. ಆಟಿ ತಿಂಗಳ ಬೂತಾಯಿಯಲ್ಲಿ ಆ ಜಿಡ್ಡಿಲ್ಲ. ಮಳೆಗಾಲದ ಕೊನೆಗೆ ಹೊಟ್ಟೆತುಂಬ ತಿಂದು ಕೂಡಿಟ್ಟ ಕೊಬ್ಬು ಮೊಟ್ಟೆ ಕಟ್ಟುವ ಹೊತ್ತಿಗೆ ಕರಗಿ ಹೋಗಿರುತ್ತದೆ. ತಾಯಿಯ ಮೈಯ ಕೊಬ್ಬು ಮಗುವಿನ ಬುತ್ತಿಯಾಗುತ್ತದೆ. ಸರಿಯಾಗಿ ತಿನ್ನದೆ ಬಡಕಲಾದ ಮೀನು ಕಟ್ಟುವ ಬುತ್ತಿಯೂ ಸಣ್ಣದೇ.

ಒಂದು ಹೆಣ್ಣಿನ ಹೊಟ್ಟೆಯಲ್ಲಿ ಬಲಿತ ಮೊಟ್ಟೆ ಎಷ್ಟು? ನಲ್ವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಎಂದು ಬೇರೆ ಬೇರೆ ಕಾಲದ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದೊಂದಾಗಿ ಎಣಿಸಿದ್ದಲ್ಲ. ಇಡೀ ಚೀಲವನ್ನು ತೂಗುತ್ತಾರೆ. ಅದರಿಂದ ಒಂದು ಚೂರನ್ನು ಕತ್ತರಿಸಿ ತೂಗಿ, ಆ ಚೂರಿನಲ್ಲಿರುವುದನ್ನು ಮಾತ್ರ ಎಣಿಸಿ, ಗುಣಿಸುತ್ತಾರೆ. ಬ್ಯಾಂಕಿನಲ್ಲಿ ಚಿಲ್ಲರೆ ನಾಣ್ಯದ ಚೀಲಗಳನ್ನು ನಾವು ಹೀಗೆಯೇ ತೂಗಿ ಲೆಕ್ಕ ಹಿಡಿಯುತ್ತಿದ್ದೆವು. ಆದ್ದರಿಂದ ಈ ಉಪಾಯವನ್ನು ಓದಿದಾಗ ನನಗೆ ಹಳೆಯ ಪರಿಚಯದವರನ್ನು ಕಂಡಂತಾಯಿತು. ಮೀನು ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಉದ್ದ ಹದಿನೈದರಿಂದ ಹತ್ತೊಂಬತ್ತು ಸೆಂಟಿಮೀಟರಿಗೆ ಏರಿದರೆ ಮೀನಿನ ಗಾತ್ರ ಎರಡರಷ್ಟಾಗುತ್ತದೆ, ಹೊಟ್ಟೆಯಲ್ಲಿನ ಜಾಗವೂ ಹಾಗೆಯೇ ಹಿಗ್ಗುತ್ತದೆ. ಎಲ್ಲವನ್ನೂ ಒಂದೇ ರಾತ್ರಿ ಇಡುವುದೂ ಇಲ್ಲ. ಒಂದು ತಂಡ ಬಲಿತು ಹೊರಬೀಳುತ್ತದೆ, ಹಿಂದಿನ ತಂಡ ಬಲಿಯುತ್ತಿರುತ್ತದೆ. ಕಂತಿನಲ್ಲಿ ಇಡುತ್ತದೆ ಎನ್ನಿ. ಒಂದು ಕಂತು ಹಾಳಾದರೂ ಇನ್ನೊಂದಕ್ಕೆ ದಾರಿಯಿರಲಿ ಎಂಬ ಏರ್ಪಾಡು.

ಇಡುವ ಕಾಲ ಜೂನಿನಿಂದ ಸೆಪ್ಟೆಂಬರ್, ಮುಂಗಾರಿನ ಕಾಲ. ಇಡುವ ಕೆಲವು ಗಂಟೆಗಳ ಮೊದಲು ಮೊಟ್ಟೆಗಳು ನೀರು ಕುಡಿದು ಉಬ್ಬುತ್ತವೆ. ಅಲ್ಲಿಯವರೆಗೆ ಮಸುಕಾಗಿದ್ದದ್ದು ಬೇಯಿಸಿದ ಸಾಬಕ್ಕಿಯಂತೆ ಪಾರದರ್ಶಕವಾಗುತ್ತದೆ. ಇದರಿಂದ ಲಾಭ ಎರಡು. ಮೊಟ್ಟೆ ಕಡಲಿನಲ್ಲಿ ಮುಳುಗದೆ ತೇಲುತ್ತದೆ, ಮತ್ತು ಸುಲಭವಾಗಿ ಶತ್ರುವಿನ ಕಣ್ಣಿಗೆ ಬೀಳುವುದಿಲ್ಲ.

ಎಲ್ಲ ಮೊಟ್ಟೆಯೂ ಹೊರಬೀಳುತ್ತದೆ ಎಂದೇನೂ ಇಲ್ಲ. ಹೊರಗಿನ ಸ್ಥಿತಿ ಅನುಕೂಲವಿಲ್ಲದಿದ್ದರೆ ತಾಯಿ ಮೀನು ಕಟ್ಟಿದ ಮೊಟ್ಟೆಯನ್ನು ಕರಗಿಸಿ ತನ್ನ ಮೈಗೇ ತಿರುಗಿ ತೆಗೆದುಕೊಳ್ಳುತ್ತದೆ. ಮೊಟ್ಟೆಯ ಸುತ್ತಲಿನ ಪದರವೇ ಒಳನುಗ್ಗಿ ಹಳದಿಯನ್ನು ತಿಂದುಹಾಕುತ್ತದೆ. ನಮ್ಮ ಕಡಲ ಸಂಶೋಧಕರಲ್ಲಿ ಆಂಟನಿ ರಾಜ ಎಂಬವರು 1960ರ ದಶಕದಲ್ಲಿ ಇದರ ಮೇಲೆ ಬಹಳ ಕೆಲಸ ಮಾಡಿದರು. ಮುಂಗಾರು ಮಳೆ ಸರಿಯಾಗಿ ಬಾರದ ವರ್ಷ ಬೂತಾಯಿಯ ಹೊಟ್ಟೆಯಲ್ಲಿ ಹೀಗೆ ಕರಗಿದ ಮೊಟ್ಟೆ ಹೆಚ್ಚು, ಆದ್ದರಿಂದ ಮರಿಯೂ ಕಡಿಮೆ ಎಂಬುದು ಅವರ ವಾದ. ಮಳೆಯೇ ನೇರ ಕಾರಣವೇ, ಅಥವಾ ಮಳೆಯನ್ನು ತರುವ ಗಾಳಿ ಕಡಲನ್ನು ಕಲಕುವ ರೀತಿ ಕಾರಣವೇ ಎಂಬ ಚರ್ಚೆ ಅವರ ಬಳಿಕವೂ ನಡೆದಿದೆ. ಏನೇ ಇರಲಿ, ಮಳೆ ಹಿಡಿದರೆ ಬೂತಾಯಿ ಹಿಡಿಯಿತು ಎಂಬ ನಮ್ಮ ಕಡಲ ಮಕ್ಕಳ ಮಾತು ಬರಿಯ ಗಾಳಿಮಾತಲ್ಲ.

ಈಗ ಮೊಟ್ಟೆ ಹೊರಬಿತ್ತು ಎನ್ನೋಣ. ಇದು ನಡೆಯುವುದು ರಾತ್ರಿಯ ಹೊತ್ತು. ಹಿಂಡಿನಲ್ಲಿ ಹೆಣ್ಣು ಮೊಟ್ಟೆ ಬಿಡುತ್ತದೆ, ಗಂಡು ಬೀಜ ಬಿಡುತ್ತದೆ, ಎರಡೂ ನೀರಿನಲ್ಲೇ ಕೂಡಬೇಕು. ಗೂಡಿಲ್ಲ, ಕಾವಿಲ್ಲ, ಕಾವಲಿಲ್ಲ. ತಂದೆತಾಯಿಗಳು ಹಿಂತಿರುಗಿ ನೋಡುವುದೂ ಇಲ್ಲ. ಮೊಟ್ಟೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು, ಸಣ್ಣ ಸಾಸಿವೆ ಕಾಳಿನಷ್ಟು. ಗಾಜಿನ ಗೋಲಿಯಂತೆ ಗುಂಡಗೆ. ಹೊರ ಪೊರೆಗೂ ಒಳಗಿನ ಹಳದಿಗೂ ನಡುವೆ ಅಗಲವಾದ ತೆರಪು. ಹಳದಿಯಲ್ಲಿ ಒಂದೇ ಒಂದು ಎಣ್ಣೆಯ ಹನಿ. ತಾಯಿ ಕಟ್ಟಿಕೊಟ್ಟ ಬುತ್ತಿ ಎಂದರೆ ಇಷ್ಟೇ.

ಮುಂದಿನದು ಅವಸರದ ಕೆಲಸ. ಹಳದಿಯ ಒಂದು ಬದಿಯಲ್ಲಿ ಟೊಪ್ಪಿಯಂಥ ಒಂದು ಉಬ್ಬು ಏಳುತ್ತದೆ. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಒಡೆಯುತ್ತ ಹೋಗುತ್ತದೆ. ಲೆಕ್ಕ ಸಾವಿರ ದಾಟಿದ ಮೇಲೆ ಆ ಟೊಪ್ಪಿ ಹರಡಿಕೊಂಡು ಹಳದಿಯನ್ನು ಮೇಲಿಂದ ಕೆಳಗೆ ಮುಚ್ಚತೊಡಗುತ್ತದೆ, ಕಡುಬಿಗೆ ಬಾಳೆಲೆ ಸುತ್ತಿದಂತೆ. ಮುಚ್ಚುತ್ತಿದ್ದಂತೆ ಒಂದು ಗೆರೆ ಕಾಣುತ್ತದೆ. ಅದೇ ಮೀನಿನ ಬೆನ್ನು. ಗೆರೆಯ ಒಂದು ತುದಿ ದಪ್ಪವಾಗಿ ತಲೆಯಾಗುತ್ತದೆ, ಎರಡು ಪಕ್ಕದಲ್ಲಿ ಕಣ್ಣಿನ ಉಬ್ಬು ಬರುತ್ತದೆ. ಇನ್ನೊಂದು ತುದಿ ಹಳದಿಯಿಂದ ಬಿಡಿಸಿಕೊಂಡು ಬಾಲವಾಗುತ್ತದೆ. ಹೃದಯ ಮಿಡಿಯತೊಡಗುತ್ತದೆ. ಬಾಲ ಒದರುತ್ತದೆ. ಪೊರೆಯನ್ನು ಮೆದುಮಾಡುವ ರಸವೊಂದು ಒಳಗಿನಿಂದಲೇ ಒಸರಿ ಮೊಟ್ಟೆ ಬಿರಿಯುತ್ತದೆ. ನಮ್ಮ ಕಡಲಿನ ಬಿಸುಪಿನಲ್ಲಿ ಇಷ್ಟೆಲ್ಲಕ್ಕೂ ಹಿಡಿಯುವುದು ಹೆಚ್ಚುಕಡಿಮೆ ಒಂದು ದಿನ! ಮನೆಯ ಕೋಳಿಗೆ ಇಪ್ಪತ್ತೊಂದು ದಿನ ಬೇಕು.

ಅವಸರಕ್ಕೆ ಬೆಲೆಯೂ ಇದೆ. ಹೊರಬಂದ ಮರಿಗೆ ಬಾಯಿ ತೆರೆದಿಲ್ಲ, ಕಣ್ಣಿಗೆ ಕಪ್ಪು ಬಂದಿಲ್ಲ. ಕೆಲವೇ ಮಿಲಿಮೀಟರ್ ಉದ್ದದ ಗಾಜಿನ ದಾರದಂಥ ಜೀವ, ಹೊಟ್ಟೆಗೆ ಹಳದಿಯ ಚೀಲ ನೇತುಕೊಂಡಿದೆ. ಎರಡು ಮೂರು ದಿನ ಆ ಬುತ್ತಿಯಲ್ಲಿ ನಡೆಯುತ್ತದೆ. ಅಷ್ಟರಲ್ಲಿ ಬಾಯಿ ತೆರೆಯುತ್ತದೆ. ತೆರೆದ ಬಾಯಿಯ ಎದುರಿಗೆ, ಅದರ ಅಳತೆಗೆ ಸರಿಯಾದ ಕಣ್ಣಿಗೆ ಕಾಣದ ಜೀವಿಗಳು ಇರಬೇಕು. ಇಲ್ಲದಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಮೀನಿನ ಒಂದು ತಲೆಮಾರು ದೊಡ್ಡದಾಗುವುದೂ ಚಿಕ್ಕದಾಗುವುದೂ ಈ ಎರಡು ಮೂರು ದಿನಗಳಲ್ಲಿ ನಿಶ್ಚಯವಾಗುತ್ತದೆ ಎಂದು ನಾರ್ವೆ ದೇಶದ ಯೋಹಾನ್ ಯೋರ್ಟ್ ಎಂಬ ವಿಜ್ಞಾನಿ 1914ರಲ್ಲೇ ಬರೆದರು. ಅವರು ನೋಡಿದ್ದು ಬಡಗಣ ಸಮುದ್ರದ ಮೀನುಗಳನ್ನು. ನಮ್ಮ ಬೂತಾಯಿಯ ಏರಿಳಿತಕ್ಕೂ ಆ ಮಾತು ಚೆನ್ನಾಗಿ ಹೊಂದುತ್ತದೆ.

ಬೂತಾಯಿ ಮಳೆಗಾಲವನ್ನೇ ಆರಿಸಿಕೊಂಡ ಗುಟ್ಟು ಇಲ್ಲಿದೆ. ಮುಂಗಾರಿನ ಗಾಳಿ ನಮ್ಮ ಕರಾವಳಿಯಲ್ಲಿ ಮೇಲಿನ ಬೆಚ್ಚಗಿನ ನೀರನ್ನು ದೂರಕ್ಕೆ ತಳ್ಳುತ್ತದೆ. ಆ ಜಾಗಕ್ಕೆ ತಳದ ತಣ್ಣನೆಯ ನೀರು ಮೇಲೇಳುತ್ತದೆ. ಆ ನೀರಿನಲ್ಲಿ ಗೊಬ್ಬರದ ಸತ್ವವಿದೆ. ಬಿಸಿಲು ತಾಗಿದೊಡನೆ ಸೂಕ್ಷ್ಮ ಪಾಚಿಗಳು ಹುಲುಸಾಗಿ ಬೆಳೆದು ಕಡಲು ಹಸಿರಾಗುತ್ತದೆ. ಪಾಚಿಯನ್ನು ತಿನ್ನಲು ಸೂಕ್ಷ್ಮ ಪ್ರಾಣಿಗಳು ಬರುತ್ತವೆ. ಮರಿಗೆ ಊಟ ಸಿದ್ಧ. ಗದ್ದೆಗೆ ನೀರು ನಿಂತ ಮೇಲೆ ನೇಜಿ ನೆಡುವ ಹಾಗೆ ಬೂತಾಯಿ ಕಡಲು ಹದಕ್ಕೆ ಬರುವ ಹೊತ್ತಿಗೆ ಮೊಟ್ಟೆ ಇಡುತ್ತದೆ. ಗಾಳಿ ತಡವಾದರೆ, ಕಡಲು ಮಾಮೂಲಿಗಿಂತ ಬಿಸಿಯಾದರೆ, ಅಥವಾ ತಳದ ನೀರು ಅತಿಯಾಗಿ ನುಗ್ಗಿ ಪ್ರಾಣವಾಯು ಕಡಿಮೆಯಾದರೆ ಲೆಕ್ಕ ತಪ್ಪುತ್ತದೆ. 2012ರ ಬಳಿಕದ ಇಳಿತಕ್ಕೆ 2015ರ ಎಲ್ ನಿನೋ, ಅಂದರೆ ಪೆಸಿಫಿಕ್ ಕಡಲು ಬಿಸಿಯೇರಿದ್ದು, ಒಂದು ಮುಖ್ಯ ಕಾರಣ ಎಂದು ಕೊಚ್ಚಿಯ ಸಂಸ್ಥೆಯವರು ಹೇಳಿದ್ದಾರೆ.

ಹಾಗಾದರೆ ಎಲ್ಲವೂ ಗಾಳಿಯ ಕೈಯಲ್ಲಿ, ಮನುಷ್ಯನ ಪಾಲು ಏನೂ ಇಲ್ಲವೇ ಎಂದು ಕೇಳುತ್ತೀರಿ. ಲೆಕ್ಕ ಹಾಕಿ ನೋಡಿ. ಐವತ್ತು ಸಾವಿರ ಮೊಟ್ಟೆಯಲ್ಲಿ ತಂದೆಗೊಂದು ತಾಯಿಗೊಂದು ಎಂದು ಎರಡು ಮೀನು ಬೆಳೆದು ದೊಡ್ಡದಾದರೆ ಸಂತತಿ ಇದ್ದಷ್ಟೇ ಇರುತ್ತದೆ. ನಾಲ್ಕು ಉಳಿದರೆ ಎರಡು ಪಟ್ಟು. ಇಷ್ಟು ಮೊಟ್ಟೆ ಇರುವುದರಿಂದಲೇ 2021ರಲ್ಲಿ ಇಲ್ಲವಾಯಿತೆಂದದ್ದು 2022ರಲ್ಲಿ ತಿರುಗಿ ಬಂತು. ಒಳ್ಳೆಯ ಗಾಳಿ ಬೀಸಿದಾಗ ಮೊಟ್ಟೆ ಇಡಲು ಒಂದಿಷ್ಟು ತಾಯಂದಿರು ಉಳಿದಿರಬೇಕು, ಅಷ್ಟೇ. ಗಾಳಿ ನಮ್ಮ ಕೈಯಲ್ಲಿಲ್ಲ, ತಾಯಂದಿರನ್ನು ಉಳಿಸುವುದು ನಮ್ಮ ಕೈಯಲ್ಲಿದೆ.

ಇದು ಹೊಸ ವಿಚಾರವಲ್ಲ. ಕಾಸರಗೋಡು ಮದರಾಸು ಆಡಳಿತದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದಲ್ಲಿ ಜೇಮ್ಸ್ ಹಾರ್ನೆಲ್ ಎಂಬ ಅಧಿಕಾರಿಯೂ ರಾಮಸ್ವಾಮಿ ನಾಯುಡು ಎಂಬವರೂ ಸೇರಿ ಈ ಮೀನಿನ ಜೀವನಕ್ರಮವನ್ನು ಬರೆದಿಟ್ಟರು. ಅದು 1920ರ ದಶಕದ ಮಾತು. 1943ರಲ್ಲಿ ಮದರಾಸು ಸರಕಾರ ಎಳೆಯ ಮತ್ತಿಯನ್ನು ಹಿಡಿಯುವುದಕ್ಕೂ ಕೆಲವು ಬಲೆಗಳಿಗೂ ನಿರ್ಬಂಧ ಹಾಕಿತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟಿತು.

ಈಗಿನ ಕಟ್ಟಳೆಗಳನ್ನು ನೋಡಿ. ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ರಜೆ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದ, 61 ದಿನ. ಒಂದೇ ಹಿಂಡು ಈಚೆ ಆಚೆ ಓಡಾಡುತ್ತಿರುವಾಗ ತಾರೀಕು ಎರಡು. ಎರಡೂ ಕಡೆ ನಾಡದೋಣಿಗಳಿಗೆ ವಿನಾಯಿತಿ ಇದೆ. ಅದು ಬೇಕು ಎನ್ನುವವನೇ ನಾನು. ಮಳೆಗಾಲದಲ್ಲಿ ಮೊಗವೀರರ, ಮುಕ್ಕುವರ ಒಲೆ ಉರಿಯುವುದು ಅದರಿಂದ. ಆದರೆ ಎರಡು ಮೂರು ಇಂಜಿನು ಕಟ್ಟಿ, ಹಿಂಡನ್ನೇ ಸುತ್ತುವ ರಿಂಗ್ ಸೀನ್ ಬಲೆಯೊಂದಿಗೆ ನಲ್ವತ್ತು ಐವತ್ತು ಜನ ಹೋಗುವ ದೋಣಿಯನ್ನೂ ಅಜ್ಜನ ಕಾಲದ ದೋಣಿಯನ್ನೂ ಒಂದೇ ಹೆಸರಿನಲ್ಲಿ ಕರೆಯುವುದು ಸರಿಯೇ ಎಂಬ ಪ್ರಶ್ನೆ ನನಗಿದೆ. ಮೊಟ್ಟೆ ತುಂಬಿದ ಹಿಂಡು ಕರೆಗೆ ಹತ್ತಿರ ಬರುವ ತಿಂಗಳಲ್ಲೇ ಆ ಬಲೆ ಬೀಳುತ್ತದೆ. ಸಾಲ ಕೊಡುವ ಬ್ಯಾಂಕುಗಳು ಇಂಜಿನಿನ ಶಕ್ತಿ ನೋಡುತ್ತವೆ, ಮೀನಿನ ತಿಂಗಳು ನೋಡುವುದಿಲ್ಲ.

ಇನ್ನೊಂದು ಕಟ್ಟಳೆ ಅಳತೆಯದ್ದು. ಕೇರಳದಲ್ಲಿ ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಮತ್ತಿ ಹಿಡಿಯುವುದು ಕಾನೂನಿಗೆ ವಿರುದ್ಧ. ಒಳ್ಳೆಯದೇ. ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಲಾರಿಗಟ್ಟಲೆ ಎಳೆಯ ಮೀನು ಹೋಗುವುದಕ್ಕೆ ಅಷ್ಟಾದರೂ ತಡೆ ಇದೆ. ಆದರೆ ಮೊದಲ ಮೊಟ್ಟೆ ಕಟ್ಟುವುದು ಹದಿನೈದರ ಸುಮಾರಿಗೆ ಎಂದು ಆಗಲೇ ಹೇಳಿದೆನಲ್ಲ? ಹತ್ತಕ್ಕೂ ಹದಿನೈದಕ್ಕೂ ನಡುವಿನ ಮೀನು ಕಾನೂನಿನ ಪ್ರಕಾರ ದೊಡ್ಡದು, ಒಂದು ಮೊಟ್ಟೆಯನ್ನೂ ಇಡದ ಎಳೆಯದು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಅಗ್ಗಕ್ಕೆ ಸಿಗುವುದು ಇಂಥದ್ದೇ. 2024ರ ಜೂನಿನಲ್ಲಿ ಕೇರಳದ ಪೇಟೆಗಳಲ್ಲಿ ಮತ್ತಿಗೆ ಕಿಲೋಗೆ ನಾನೂರು ರೂಪಾಯಿಯವರೆಗೆ ಏರಿತ್ತು. ಅದೇ ವರ್ಷದ ಕೊನೆಗೆ ಸಣ್ಣ ಮತ್ತಿ ರಾಶಿ ಬಿದ್ದು ಕ್ರಯ ನೆಲಕಚ್ಚಿತು. ಮರಿಗಳು ವಿಪರೀತ ಉಳಿದುಕೊಂಡು, ಊಟ ಎಲ್ಲರಿಗೂ ಸಾಲದೆ ಬಡಕಲಾಗಿದ್ದವು.

ಶಾಲೆಯ ಅಧ್ಯಾಪಕರು ಯಾರಾದರೂ ಕೇಳುತ್ತಿದ್ದರೆ ಒಂದು ಮಾತು. ಜೂನ್ ಜುಲೈ ತಿಂಗಳಲ್ಲಿ ಮಕ್ಕಳ ಮನೆಗೆ ಬೂತಾಯಿ ಬಂದಾಗ ಸ್ಕೇಲಿನಿಂದ ಅಳೆದು, ಹೊಟ್ಟೆ ಕೊಯ್ಯುವಾಗ ನೋಡಿ, ಬರೆದು ತರಲು ಹೇಳಿ. ಉದ್ದ ಎಷ್ಟು, ಬಿಳಿ ಪಟ್ಟಿಯೋ ಹಳದಿ ಚೀಲವೋ, ಚೀಲ ಹೊಟ್ಟೆಯ ಕಾಲಂಶವೋ ಅರ್ಧವೋ ಪೂರ್ತಿಯೋ, ಇಷ್ಟು ಸಾಕು. ಚೀಲದ ಒಂದು ಚೂರನ್ನು ನೀರಿನ ಗ್ಲಾಸಿಗೆ ಹಾಕಿ ಬೆಳಕಿಗೆ ಹಿಡಿದರೆ ಮಸುಕು ಕಾಳುಗಳ ನಡುವೆ ಕೆಲವು ಗಾಜಿನಂತೆ ಹೊಳೆಯುತ್ತವೆಯೇ ಎಂದು ನೋಡಬಹುದು. ಹೊಳೆಯುವ ಮೊಟ್ಟೆ ಕಂಡರೆ, ಆ ಮೀನು ಬಲೆಗೆ ಬಿದ್ದದ್ದು ಮೊಟ್ಟೆ ಇಡಲು ಕೆಲವೇ ಗಂಟೆ ಇರುವಾಗ ಎಂದು ತಿಳಿಯಬೇಕು. ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದ ಮೇಲೂ ಒಂದೆರಡು ವಾರ ಈ ಲೆಕ್ಕ ಬಿಡದೆ ಬರೆಯಿಸಿ. ಆಗಲೂ ಹಳದಿ ಚೀಲಗಳು ಸಾಕಷ್ಟು ಸಿಗುತ್ತವೆ.